ಹಿತ್ತಲಲ್ಲಿ ಹಕ್ಕಿ ಬಿದ್ದಿದ್ದರೆ ಮೊದಲು ಒಂದು ರಟ್ಟಿನ ಡಬ್ಬ ಹುಡುಕಿ

(ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕೈತೋಟ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ತೋಟದಲ್ಲಿ, ಕುಂಡಗಳ ಸಂದಿಯಲ್ಲೋ ದಾಸವಾಳದ ಗಿಡದ ಬುಡದಲ್ಲೋ, ಒಂದು ಹಕ್ಕಿ ಹಾರಲಾರದೆ ಕೂತಿದೆ. ಆಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕೈಗೆ ಎತ್ತಿಕೊಳ್ಳುತ್ತೇವೆ, ತಲೆ ಸವರುತ್ತೇವೆ, ಕೊಕ್ಕು ಬಿಡಿಸಿ ಎರಡು ಹನಿ ನೀರು ಬಿಡುತ್ತೇವೆ, ಗಾಯಕ್ಕೆ ಅರಿಶಿನ ಹಚ್ಚುತ್ತೇವೆ, ಅಕ್ಕಪಕ್ಕದ ಮಕ್ಕಳನ್ನೆಲ್ಲ ಕರೆದು ತೋರಿಸುತ್ತೇವೆ, ಒಂದಿಷ್ಟು ಹಾಲು ಅನ್ನ ಕಲಸಿ ಮುಂದಿಡುತ್ತೇವೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಇದರಲ್ಲಿ ಒಂದೊಂದೂ ಆ ಹಕ್ಕಿಗೆ ಅಪಾಯ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಮನೆಯಲ್ಲಿ ನಾವು ಮಾಡಬೇಕಾದ್ದು ತುಂಬಾ ಕಡಿಮೆ, ಆದರೆ ಅದನ್ನು ಬೇಗ ಮಾಡಬೇಕು. ಹಕ್ಕಿಯನ್ನು ಡಬ್ಬದಲ್ಲಿಡಿ, ಕತ್ತಲು ಮಾಡಿ, ಸದ್ದು ಮಾಡಬೇಡಿ, ಗೊತ್ತಿರುವವರ ಕೈಗೆ ತಲುಪಿಸಿ.

ಯಾಕೆ ಅಂತ ಹೇಳುತ್ತೇನೆ. ಕಾಡುಹಕ್ಕಿಯ ಲೆಕ್ಕದಲ್ಲಿ ಮನುಷ್ಯ ಅಂದರೆ ಹಿಡಿದು ತಿನ್ನುವ ಪ್ರಾಣಿ. ನೀವು ಎತ್ತಿಕೊಂಡಾಗ ಅದು ಅಲ್ಲಾಡದೆ ಕೂತರೆ ನಮಗೆ ‘ಪಾಪ, ನನ್ನನ್ನು ನಂಬಿದೆ’ ಅನಿಸುತ್ತದೆ. ಅದು ನಂಬಿಕೆ ಅಲ್ಲ, ವಿಪರೀತ ಹೆದರಿಕೆ. ಹಾಗೆ ಹೆದರಿದ ಹಕ್ಕಿ ಗಾಯ ಅಷ್ಟೇನೂ ಇಲ್ಲದಿದ್ದರೂ ಕೈಯಲ್ಲೇ ಸತ್ತುಹೋಗಬಹುದು. ನಾವು ತಲೆ ಸವರುವಾಗ, ಮುಖದ ಹತ್ತಿರ ಹಿಡಿದು ಮಾತಾಡಿಸುವಾಗ, ಮೊಬೈಲ್ ಹಿಡಿದು ಫೋಟೊ ತೆಗೆಯುವಾಗ ಅದರ ಹೃದಯ ಓಡುತ್ತಿರುತ್ತದೆ.

ದೇಹದ ರಚನೆಯೂ ನಮ್ಮ ಹಾಗಿಲ್ಲ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಇದೆ, ಅದು ಉಸಿರಾಟಕ್ಕೆ ನೆರವಾಗುತ್ತದೆ. ಹಕ್ಕಿಗೆ ಅಂಥ ವಪೆ ಇಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರೆ ಮಾತ್ರ ಅದರೊಳಗೆ ಗಾಳಿ ಆಡುತ್ತದೆ. ಹಾಗಾಗಿ ತಪ್ಪಿಸಿಕೊಂಡೀತು ಅಂತ ಎದೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಉಸಿರು ಕಟ್ಟುತ್ತದೆ. ಬಟ್ಟೆಯಿಂದ ಬಿಗಿಯಾಗಿ ಕಟ್ಟು ಹಾಕಿದರೂ ಅಷ್ಟೇ. ಇನ್ನು ರಕ್ತ. ಹಕ್ಕಿಯ ಮೈಯಲ್ಲಿ ರಕ್ತ ಇರುವುದು ಅದರ ತೂಕದ ಹತ್ತರಲ್ಲಿ ಒಂದು ಪಾಲು, ಸುಮಾರಾಗಿ. ನಿಮ್ಮ ದಾಸವಾಳಕ್ಕೆ ಬರುವ ಸೂರಕ್ಕಿ ತೂಗುವುದು ಹತ್ತು ಗ್ರಾಂ ಆಸುಪಾಸು. ಅಂದರೆ ಇಡೀ ದೇಹದಲ್ಲಿ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ರಕ್ತ! ನೆಲದ ಮೇಲೆ ಬಿದ್ದ ನಾಲ್ಕೈದು ಹನಿ ನಮಗೆ ಏನೂ ಅಲ್ಲ, ಅದಕ್ಕೆ ಬಹಳ. ರಕ್ತ ಸೋರುತ್ತಿದ್ದರೆ ಶುದ್ಧವಾದ ಹತ್ತಿ ಬಟ್ಟೆಯನ್ನು ಆ ಜಾಗದ ಮೇಲೆ ಮೆತ್ತಗೆ ಒತ್ತಿ ಹಿಡಿಯಿರಿ, ನಿಂತ ಮೇಲೆ ಬಿಡಿ. ಅರಿಶಿನ, ಎಣ್ಣೆ, ತುಪ್ಪ, ಮುಲಾಮು ಯಾವುದೂ ಬೇಡ. ಜಿಡ್ಡು ಹತ್ತಿದ ಪುಕ್ಕ ಮೈಯನ್ನು ಬೆಚ್ಚಗಿಡುವುದಿಲ್ಲ, ಹಾರಲಿಕ್ಕೂ ಬರುವುದಿಲ್ಲ. ಅರಿಶಿನ ಮೆತ್ತಿದರೆ ವೈದ್ಯರಿಗೆ ಗಾಯ ಎಷ್ಟು ಆಳ ಅಂತಲೇ ಕಾಣುವುದಿಲ್ಲ, ಅದನ್ನು ತೊಳೆಯಲಿಕ್ಕೆ ಹಕ್ಕಿಯನ್ನು ಇನ್ನಷ್ಟು ಹಿಂಸೆ ಮಾಡಬೇಕಾಗುತ್ತದೆ.

ನೀರಿನ ವಿಷಯ ಒತ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಮಾಡುವುದು ಅದನ್ನೇ. ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಕಿಂಡಿ ಕಾಣುತ್ತದೆ. ಶ್ವಾಸನಾಳ ಶುರುವಾಗುವುದು ಅಲ್ಲೇ. ಡ್ರಾಪರ್‌ನಿಂದಲೋ ಸಿರಿಂಜಿನಿಂದಲೋ ಬಾಯಿಗೆ ಬಿಟ್ಟ ನೀರು ಸುಲಭವಾಗಿ ಅದರೊಳಗೆ ಇಳಿದು ಶ್ವಾಸಕೋಶ ಸೇರುತ್ತದೆ. ಬಾಯಾರಿದೆ ಅಂತ ಕುಡಿಸಿದ ನೀರಿನಿಂದಲೇ ಹಕ್ಕಿ ಸಾಯುತ್ತದೆ. ಪೂರ್ತಿ ಎಚ್ಚರವಿದ್ದು ತಲೆ ಎತ್ತಿ ನಿಂತಿರುವ ಹಕ್ಕಿಯ ಮುಂದೆ ಆಳವಿಲ್ಲದ ತಟ್ಟೆಯಲ್ಲಿ ನೀರಿಡಬಹುದು, ಬೇಕಿದ್ದರೆ ಅದೇ ಕುಡಿಯುತ್ತದೆ. ಬಾಯಿಗೆ ಹಾಕಲೇಬೇಡಿ. ಹಾಲು ಯಾವ ಹಕ್ಕಿಗೂ ಆಹಾರ ಅಲ್ಲ, ಅದನ್ನು ಜೀರ್ಣಿಸುವ ಶಕ್ತಿ ಅವುಗಳಿಗಿಲ್ಲ.

ಈಗ ಡಬ್ಬ. ಪಿಕಳಾರ, ಗೊರವಂಕದಂಥ ಹಕ್ಕಿಗೆ ಚಪ್ಪಲಿ ಅಂಗಡಿಯ ಡಬ್ಬ ಸಾಕು. ಹದ್ದಿಗೆ, ಗೂಬೆಗೆ ದಿನಸಿಯ ದೊಡ್ಡ ಪೆಟ್ಟಿಗೆ ಬೇಕು. ಹಕ್ಕಿಯನ್ನು ಒಳಗೆ ಬಿಡುವ ಮೊದಲೇ ಪಕ್ಕಗಳಲ್ಲಿ ತೂತು ಮಾಡಿ. ಹಕ್ಕಿ ಒಳಗಿರುವಾಗ ಪೆನ್ನು ಚುಚ್ಚಿದರೆ ಆ ಸದ್ದಿಗೆ ಅದು ಕಂಗಾಲಾಗುತ್ತದೆ. ತಳಕ್ಕೆ ಹಳೇ ಬನಿಯನ್ ಅಥವಾ ಪಂಚೆ ಹಾಸಿ. ಟರ್ಕಿ ಟವಲ್ ಬೇಡ, ಅದರ ದಾರದ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಗಿಳಿಯ ಪಂಜರ ಮನೆಯಲ್ಲಿದ್ದರೂ ಅದರೊಳಗೆ ಹಾಕಬೇಡಿ. ಹೊರಗೆ ಬೆಳಕು ಕಂಡು ನುಗ್ಗಲು ಹೋಗಿ ಸರಳಿಗೆ ಬಡಿದುಕೊಂಡು ಪುಕ್ಕ ಮುರಿದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಗಾಯ ವಾಸಿಯಾದರೂ ಹೊಸ ಪುಕ್ಕ ಬರುವ ತನಕ ಅದನ್ನು ಬಿಡುವ ಹಾಗಿಲ್ಲ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಎತ್ತುವಾಗ ಹಿಂದಿನಿಂದ ಹೋಗಿ ತೆಳುವಾದ ಬಟ್ಟೆಯನ್ನು ತಲೆಯ ಮೇಲೆ ಬೀಳುವ ಹಾಗೆ ಹಾಕಿ. ಕಣ್ಣಿಗೆ ಕತ್ತಲಾದ ತಕ್ಷಣ ಹಕ್ಕಿ ಶಾಂತವಾಗುತ್ತದೆ. ರೆಕ್ಕೆ ಎರಡೂ ಮೈಗೆ ಅಂಟಿಕೊಂಡಿರುವ ಹಾಗೆ ಬಟ್ಟೆಯ ಸಮೇತ ಹಗುರವಾಗಿ ಎತ್ತಿ ಒಳಗಿಡಿ. ಹದ್ದು, ಗೂಬೆಗಳಾದರೆ ನಿಮಗೆ ಪೆಟ್ಟಾಗುವುದು ಕೊಕ್ಕಿನಿಂದ ಅಲ್ಲ, ಕಾಲಿನ ಉಗುರಿನಿಂದ. ದಪ್ಪ ಬಟ್ಟೆ ಬಳಸಿ. ಬೆಳ್ಳಕ್ಕಿ, ಕೊಕ್ಕರೆಗಳಾದರೆ ಬಹಳ ಹುಷಾರು, ಅವು ನೇರ ಕಣ್ಣಿಗೇ ಕುಕ್ಕುತ್ತವೆ, ಮುಖ ಹತ್ತಿರ ತರಲೇಬಾರದು. ಆಮೇಲೆ ಮುಚ್ಚಳ ಮುಚ್ಚಿ, ಟಿವಿ, ನಾಯಿ, ಮಿಕ್ಸಿ ಯಾವುದರ ಸದ್ದೂ ಬಾರದ ಕೋಣೆಯಲ್ಲಿಡಿ. ಬಾಣಂತಿ ಕೋಣೆ ಹೇಗಿರುತ್ತದೆ, ಬೆಚ್ಚಗೆ, ಮಬ್ಬುಗತ್ತಲೆ, ಸುಮ್ನೆ ಜನ ಬಂದು ಹೋಗಿ ಮಾಡುವುದಿಲ್ಲ, ಅಲ್ವಾ? ಹಾಗೇ ಇದೂ. ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ಇಣುಕಬೇಡಿ. ಹಕ್ಕಿಯ ಮೈ ನಮ್ಮದಕ್ಕಿಂತ ಬಿಸಿ, 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಪೆಟ್ಟಾದಾಗ ಆ ಬಿಸಿ ಉಳಿಸಿಕೊಳ್ಳುವುದೇ ಕಷ್ಟ. ಮಳೆಯಲ್ಲಿ ನೆಂದು ನಡುಗುತ್ತಿದ್ದರೆ ಬಾಟಲಿಗೆ ಬಿಸಿ ನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದು ಬದಿಗೆ ಮಾತ್ರ ಇಡಿ. ಜಾಸ್ತಿ ಅನಿಸಿದರೆ ಅದು ಇನ್ನೊಂದು ಬದಿಗೆ ಸರಿಯಲಿ. ತಲೆಗೆ ಪೆಟ್ಟಾದ ಹಕ್ಕಿಗೆ, ಬಿಸಿಲಿನಲ್ಲಿ ಬಾಯಿ ಕಳೆದು ಏದುಸಿರು ಬಿಡುತ್ತಿರುವ ಹಕ್ಕಿಗೆ ಈ ಶಾಖ ಬೇಡ, ನೆರಳು ಮತ್ತು ಗಾಳಿ ಸಾಕು.

ಹಕ್ಕಿ ಯಾಕೆ ಬಿತ್ತು ಅಂತ ಸುತ್ತ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಬೆಕ್ಕು ಹಿಡಿದಿತ್ತು ಅಂತ ಗೊತ್ತಾದರೆ, ಅಥವಾ ಅನುಮಾನ ಬಂದರೂ ಸರಿ, ಅದು ತುರ್ತು. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ. ಹೊರಗೆ ಗಾಯವೇ ಕಾಣುವುದಿಲ್ಲ, ಪುಕ್ಕ ಮುಚ್ಚಿಕೊಂಡಿರುತ್ತದೆ. ಆದರೆ ಬೆಕ್ಕಿನ ಬಾಯಿಯಲ್ಲಿ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಅದು ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ನಂಜಾಗಿ ಸಾಯುತ್ತದೆ. ಬೆಕ್ಕಿನ ಬಾಯಿಂದ ಬಿಡಿಸಿಕೊಂಡ ಹಕ್ಕಿ ಚೆನ್ನಾಗಿಯೇ ಇದೆಯಲ್ಲ ಅಂತ ಹಾರಿಬಿಟ್ಟವರಿಗೆ ಅದು ಮರುದಿನ ಯಾವುದೋ ಪೊದೆಯಲ್ಲಿ ಸತ್ತದ್ದು ತಿಳಿಯುವುದೇ ಇಲ್ಲ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕೇ ಬೇಕು, ಅದೂ ಅವತ್ತೇ, ವೈದ್ಯರಿಂದಲೇ.

ಎರಡನೆಯದು ಗಾಜು. ಹೊಸ ಮನೆಗಳಲ್ಲಿ ದೊಡ್ಡ ದೊಡ್ಡ ಕಿಟಕಿ. ಗಾಜಿನಲ್ಲಿ ಆಕಾಶ, ಮರ ಕಾಣುತ್ತದೆ, ಹಕ್ಕಿ ಅದನ್ನೇ ನಿಜ ಅಂದುಕೊಂಡು ಬಂದು ಬಡಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೊಮ್ಮೆ ನಮ್ಮ ತೋಟಗಳಲ್ಲಿ ನವರಂಗ ಸಿಗುವುದುಂಟು. ಹಸಿರು ಬೆನ್ನು, ನೀಲಿ ಭುಜ, ಬಾಲದ ಬುಡದಲ್ಲಿ ಕೆಂಪು. ಉತ್ತರದ ಕಡೆ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ, ಶ್ರೀಲಂಕೆಯ ತನಕ ಹೋಗುವ ಹಕ್ಕಿ ಅದು, ರಾತ್ರಿ ಹೊತ್ತು ಪ್ರಯಾಣ. ದಾರಿಯಲ್ಲಿ ಊರು ಅಡ್ಡ ಬಂದಾಗ ದಣಿದೋ ಗಾಜಿಗೆ ಬಡಿದೋ ಬೀಳುತ್ತದೆ. ಗಾಜಿಗೆ ಬಡಿದ ಹಕ್ಕಿ ಡಬ್ಬದ ಕತ್ತಲಲ್ಲಿ ಒಂದೆರಡು ಗಂಟೆ ಇದ್ದರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಆಮೇಲೆ ಡಬ್ಬವನ್ನು ಹೊರಗೆ ಮರಗಳ ಹತ್ತಿರ ಒಯ್ದು ಮುಚ್ಚಳ ತೆಗೆಯಿರಿ. ನೇರ ಹಾರಿಹೋದರೆ ಆಯಿತು. ಎಸೆದು ಪರೀಕ್ಷೆ ಮಾಡಬೇಡಿ! ಕೊಕ್ಕಿನಲ್ಲಿ ರಕ್ತ ಇದ್ದರೆ, ತಲೆ ಒಂದು ಕಡೆ ವಾಲಿದ್ದರೆ, ಒಂದು ರೆಕ್ಕೆ ಜೋತಿದ್ದರೆ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ. ಮತ್ತೆ ಅದೇ ಕಿಟಕಿಗೆ ಇನ್ನೊಂದು ಹಕ್ಕಿ ಬಡಿಯದ ಹಾಗೆ ಗಾಜಿನ ಹೊರಮೈಗೆ ಒತ್ತೊತ್ತಾಗಿ ಚುಕ್ಕೆಗಳನ್ನು ಅಂಟಿಸಿ, ಎರಡು ಚುಕ್ಕೆಗಳ ನಡುವೆ ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಇರಬಾರದು. ಒಂದೇ ಒಂದು ಹದ್ದಿನ ಚಿತ್ರ ಅಂಟಿಸಿ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ಮೂರನೆಯದು ಮಾಂಜಾ, ಇದರ ಬಗ್ಗೆ ನನಗೆ ಕೋಪ ಇದೆ. ಆಷಾಢದ ಗಾಳಿ ಶುರುವಾದರೆ ಬೆಂಗಳೂರಿನ ಆಕಾಶದಲ್ಲಿ ಗಾಳಿಪಟ, ಅದರ ಜೊತೆಗೇ ಹದ್ದುಗಳು ಬೀಳಲು ಶುರು. ಗಾಜಿನ ಪುಡಿ ಬಳಿದ ದಾರ ರೆಕ್ಕೆಯ ಮುಂಭಾಗದ ತೆಳು ಚರ್ಮವನ್ನು, ಅದರೊಳಗಿನ ಸ್ನಾಯುವನ್ನು ಕೊಯ್ದುಬಿಡುತ್ತದೆ. ಆ ಚರ್ಮ ಇಲ್ಲದೆ ಹದ್ದು ಹಾರಲಾರದು. ನೈಲಾನ್ ಮತ್ತಿತರ ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಸಿಗುತ್ತದೆ, ಮಕ್ಕಳ ಕೈಗೆ ನಾವೇ ಕೊಡಿಸುತ್ತೇವೆ. ಮಾಂಜಾ ಸುತ್ತಿಕೊಂಡ ಹಕ್ಕಿ ಕಂಡರೆ ದಾರವನ್ನು ಎಳೆಯಬೇಡಿ. ಎಳೆದಷ್ಟೂ ಕೊಯ್ಯುತ್ತದೆ. ಹಕ್ಕಿಯ ಮೈಯಿಂದ ಸ್ವಲ್ಪ ದೂರದಲ್ಲಿ ಎರಡೂ ಕಡೆ ಕತ್ತರಿಸಿ, ಗಾಯದೊಳಗೆ ಹೂತಿರುವ ದಾರವನ್ನು ಹಾಗೇ ಬಿಟ್ಟು, ಡಬ್ಬಕ್ಕೆ ಹಾಕಿ. ಎತ್ತರದ ಮರದಲ್ಲಿ ನೇತಾಡುತ್ತಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಕರೆಂಟ್ ತಂತಿಯ ಹತ್ತಿರ ಇದ್ದರೆ ನೀವು ಕೋಲು ಹಿಡಿದು ಹೋಗಬೇಡಿ. ತೋಟದಲ್ಲಿ, ಮಹಡಿಯ ಮೇಲೆ ತುಂಡು ದಾರ ಬಿದ್ದಿದ್ದರೆ ಸುತ್ತಿ, ಚೂರು ಚೂರು ಮಾಡಿ ಕಸಕ್ಕೆ ಹಾಕಿ. ಇಷ್ಟು ಮಾಡಿದರೂ ಒಂದು ಹಕ್ಕಿ ಉಳಿದೀತು.

ಇನ್ನು ಮರಿಗಳು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಬಂದು ಕೊಂಬೆಗಳು ಮುರಿದಾಗ ಇದೇ ದೊಡ್ಡ ವಿಷಯ. ಇಲ್ಲಿ ಬೇರೆಯದೇ ಕಷ್ಟ ಇದೆ: ಕಾಪಾಡುವ ಅಗತ್ಯವೇ ಇಲ್ಲದ ಮರಿಗಳನ್ನು ನಾವು ಎತ್ತಿಕೊಂಡು ಹೋಗುತ್ತೇವೆ. ಪಿಕಳಾರದ ಮರಿ ಮೊಟ್ಟೆಯೊಡೆದ ಎರಡು ವಾರದೊಳಗೆ ಗೂಡು ಬಿಡುತ್ತದೆ. ಆಗ ಅದಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಮೈತುಂಬ ಪುಕ್ಕ, ಮೋಟು ಬಾಲ, ಕುಪ್ಪಳಿಸಿಕೊಂಡು ಗಿಡದ ಕೆಳಗೆ ಓಡಾಡುತ್ತದೆ. ಮಡಿವಾಳ, ಸಿಂಪಿಗ ಹಕ್ಕಿಯ ಮರಿಗಳೂ ಹೀಗೆಯೇ. ಅವು ಅನಾಥ ಅಲ್ಲ. ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ, ನೀವು ನಿಂತಿದ್ದೀರಿ ಅಂತ ಬರುತ್ತಿಲ್ಲ ಅಷ್ಟೇ. ದಾರಿ ಮಧ್ಯೆ ಇದ್ದರೆ ಪಕ್ಕದ ಪೊದೆಯ ಕೊಂಬೆಯ ಮೇಲೆ ಕೂರಿಸಿ, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿ, ಮನೆಯೊಳಗಿನಿಂದ ನೋಡಿ. ಒಂದೆರಡು ಗಂಟೆಯಲ್ಲಿ ಹುಳ ಕಚ್ಚಿಕೊಂಡು ಅಮ್ಮ ಬಂದೇ ಬರುತ್ತದೆ.

ಪುಕ್ಕವೇ ಬಾರದ, ಕಣ್ಣು ಬಿಡದ ಮರಿಯಾದರೆ ಗೂಡಿಗೆ ವಾಪಸ್ ಇಡಬೇಕು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವ ಮಾತು ನಿಜ ಅಲ್ಲ, ಧೈರ್ಯವಾಗಿ ಇಡಿ. ಗೂಡೇ ಹಾಳಾಗಿದ್ದರೆ ತಳದಲ್ಲಿ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ, ಹಳೇ ಗೂಡಿದ್ದ ಜಾಗಕ್ಕೆ ಆದಷ್ಟು ಹತ್ತಿರ ಕಟ್ಟಿ, ದೂರ ಹೋಗಿ. ಮರಿಯ ಕೂಗು ಕೇಳಿ ತಾಯಿ ಹುಡುಕಿಕೊಂಡು ಬರುತ್ತದೆ. ಕುಟ್ರು, ಗಿಳಿಗಳ ಮರಿಗಳ ಕಥೆ ಬೇರೆ. ಅವು ಮರದ ಪೊಟರೆಯಲ್ಲಿ ಹುಟ್ಟುವಂಥವು, ಆ ಕೊಂಬೆಯನ್ನೇ ಕಡಿದು ಲಾರಿಗೆ ತುಂಬಿದ ಮೇಲೆ ವಾಪಸ್ ಇಡಲು ಜಾಗವೇ ಉಳಿಯುವುದಿಲ್ಲ, ಅವನ್ನು ರಕ್ಷಣಾ ಕೇಂದ್ರಕ್ಕೇ ಕೊಡಬೇಕು.

ಮನೆಯಲ್ಲೇ ಸಾಕಿ ದೊಡ್ಡದು ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿ ಅಂತ ನಮಗೆ ಗೊತ್ತು, ಆದರೆ ಅದು ತನ್ನ ಮರಿಗೆ ತಿನ್ನಿಸುವುದು ಹುಳ. ಹೂವಿನ ರಸ ಕುಡಿಯುವ ಸೂರಕ್ಕಿ ಮರಿಗೆ ಕೊಡುವುದು ಜೇಡ ಮತ್ತು ಸಣ್ಣ ಕೀಟ. ಪಾರಿವಾಳ, ಬೆಳವಗಳು ತಮ್ಮ ಗಂಟಲ ಚೀಲದಲ್ಲಿ ಹಾಲಿನಂಥ ದ್ರವ ಮಾಡಿ ಮರಿಗೆ ಉಣಿಸುತ್ತವೆ. ಅನ್ನ, ಬಿಸ್ಕತ್ತು, ಬ್ರೆಡ್ ತಿಂದು ಬೆಳೆದ ಮರಿಗೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುತ್ತದೆ, ಮೂಳೆ ಮುರಿಯುತ್ತದೆ. ಬದುಕಿದರೂ ಮನುಷ್ಯರನ್ನೇ ತನ್ನವರು ಅಂದುಕೊಂಡು ಬೆಳೆದ ಹಕ್ಕಿಯನ್ನು ಹೊರಗೆ ಬಿಟ್ಟರೆ ಅದಕ್ಕೆ ಬೆಕ್ಕಿನ ಭಯವೇ ಇರುವುದಿಲ್ಲ. ಜೊತೆಗೆ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಳಿ, ಗೊರವಂಕದಂಥ ನಮ್ಮ ಕಾಡುಹಕ್ಕಿಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಕಾಪಾಡಲೆಂದೇ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು.

ಯಾರಿಗೆ ಫೋನ್ ಮಾಡುವುದು? ರಾಜ್ಯದ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನಲ್ಲಿ ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ, ಹಕ್ಕಿ ಮತ್ತು ಸರೀಸೃಪಗಳಿಗೇ ಮೀಸಲಾದ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಷನ್ ಸೆಂಟರ್ ಇದೆ. ನಂಬರ್‌ಗಳನ್ನು ಇವತ್ತೇ ಹುಡುಕಿ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಹಕ್ಕಿ ಕೈಯಲ್ಲಿರುವಾಗ ಹುಡುಕುತ್ತಾ ಕೂರುವುದು ಬೇಡ. ಸಣ್ಣ ಊರುಗಳಲ್ಲಿ ಅರಣ್ಯ ಇಲಾಖೆಯ ವಲಯ ಕಚೇರಿ, ಇಲ್ಲವೇ ತಾಲ್ಲೂಕಿನ ಪಶು ಆಸ್ಪತ್ರೆ. ಹಸು ಎಮ್ಮೆ ನೋಡುವ ವೈದ್ಯರು ಹಕ್ಕಿಗೆ ಏನು ಮಾಡಿಯಾರು ಅಂತ ಹಿಂಜರಿಯಬೇಡಿ. ಮೂಳೆ ಮುರಿದಿದೆಯೇ, ನಂಜು ಏರಿದೆಯೇ ಅಂತ ಅವರು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ಪ್ರಶ್ನೆಗಳು.

ಗೂಬೆ ಬಂದು ಕೂತರೆ ಅಪಶಕುನ ಅಂತಾರಲ್ಲ, ಮುಟ್ಟಬಹುದಾ ಅಂತ ಒಬ್ಬರು ಕೇಳಿದರು. ಹಗಲಲ್ಲಿ ನಿಮ್ಮ ತೋಟದಲ್ಲಿ ಗೂಬೆ ಮುದುಡಿ ಕೂತಿದೆ ಅಂದರೆ ಹೆಚ್ಚಾಗಿ ಕಾಗೆಗಳು ಅಟ್ಟಿಸಿಕೊಂಡು ಬಂದಿರುತ್ತವೆ. ಗಾಯ ಇಲ್ಲದಿದ್ದರೆ ಕಾಗೆಗಳನ್ನು ಓಡಿಸಿ ಅದರ ಪಾಡಿಗೆ ಬಿಡಿ, ಕತ್ತಲಾದ ಮೇಲೆ ಹೋಗುತ್ತದೆ. ನಮ್ಮ ಕಣಜ ಗೂಬೆ ಇಲಿ ಹೆಗ್ಗಣ ತಿಂದು ಬದುಕುವ ಹಕ್ಕಿ, ಅದರಿಂದ ನಮಗೆ ಉಪಕಾರವೇ. ಆದರೆ ಮಾಟ ಮಂತ್ರದ ಹೆಸರಲ್ಲಿ, ಅದರಲ್ಲೂ ದೀಪಾವಳಿ ಹೊತ್ತಿಗೆ, ಗೂಬೆಗಳನ್ನು ಹಿಡಿದು ಮಾರುವವರಿದ್ದಾರೆ. ಹಾಗಾಗಿ ಗೂಬೆ ಸಿಕ್ಕ ಜಾಗ, ವಿಳಾಸ, ಫೋಟೊ ಎಲ್ಲವನ್ನೂ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ನೇರವಾಗಿ ಇಲಾಖೆಗೆ ತಿಳಿಸಿ.

ನೋವಿನ ಮಾತ್ರೆ ಪುಡಿ ಮಾಡಿ ಕೊಡಬಹುದಾ ಎಂದರು ಇನ್ನೊಬ್ಬರು. ಖಂಡಿತ ಬೇಡ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದಲೇ ನಮ್ಮ ದೇಶದ ರಣಹದ್ದುಗಳು ಕಿಡ್ನಿ ಹಾಳಾಗಿ ಹೆಚ್ಚುಕಡಿಮೆ ಅಳಿದುಹೋದದ್ದು. ದನಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಿದರು, ಅಷ್ಟರಲ್ಲಿ ಬಹುಪಾಲು ಹೋಗಿಯಾಗಿತ್ತು. ರಾಮನಗರದ ಬೆಟ್ಟದಲ್ಲಿ ಈಗ ಬೆರಳೆಣಿಕೆಯ ರಣಹದ್ದು ಉಳಿದಿವೆ. ಮನುಷ್ಯರ ಔಷಧಿ ಹಕ್ಕಿಗೆ ಬೇಡವೇ ಬೇಡ.

ಹಕ್ಕಿಜ್ವರದ ಭಯ? ಒಂದು ಹಕ್ಕಿಗೆ ಪೆಟ್ಟಾಗಿದೆ ಅಂದರೆ ಕೈಗವಸು ಅಥವಾ ಬಟ್ಟೆ ಬಳಸಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸಾಕು. ಆದರೆ ಗಾಯವೇ ಇಲ್ಲದೆ ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಮುಟ್ಟದೆ ಪಶುಸಂಗೋಪನೆ ಇಲಾಖೆಗೆ ತಿಳಿಸಿ.

ಹಿರಿಯರೊಬ್ಬರು ಕೇಳಿದ ಪ್ರಶ್ನೆ ಕಷ್ಟದ್ದು. ಎಷ್ಟು ಮಾಡಿದರೂ ಉಳಿಯುವುದಿಲ್ಲ, ಇನ್ನು ಹಾರುವುದೇ ಇಲ್ಲ ಅಂತಾದರೆ? ಅನೇಕ ಹಕ್ಕಿಗಳು ಉಳಿಯುವುದಿಲ್ಲ, ಅದು ನಿಜ. ರೆಕ್ಕೆಯ ಕೀಲೇ ಹೋಗಿದ್ದರೆ ವೈದ್ಯರು ನೋವಿಲ್ಲದೆ ಕಣ್ಣು ಮುಚ್ಚಿಸುವ ನಿರ್ಧಾರಕ್ಕೆ ಬರಬಹುದು. ಜೀವನಪೂರ್ತಿ ಪಂಜರದಲ್ಲಿ ಹೆದರಿಕೊಂಡು ಇರುವ ಹದ್ದಿಗಿಂತ ಅದೇ ಕರುಣೆ ಅಂತ ನಾನು ನಂಬುತ್ತೇನೆ. ನಿಮಗೆ ಒಪ್ಪಿಗೆ ಆಗದಿರಬಹುದು. ಆದರೆ ಆ ನಿರ್ಧಾರ ವೈದ್ಯರದ್ದಾಗಲಿ, ಮನೆಯಲ್ಲಿ ನಾವು ತೆಗೆದುಕೊಳ್ಳುವುದು ಬೇಡ.

ಕೊನೆಯದಾಗಿ, ರಾತ್ರಿ ಸಿಕ್ಕರೆ ಏನು ಮಾಡುವುದು ಅಂತ ಕೇಳಿದ್ದೀರಿ. ಫೋನ್ ಮಾಡಿ, ಯಾರೂ ಬರಲಾಗದಿದ್ದರೆ ಡಬ್ಬವನ್ನು ಇರುವೆ ಹತ್ತದ ಜಾಗದಲ್ಲಿ, ಫ್ಯಾನ್ ಹಾಕದ ಕೋಣೆಯಲ್ಲಿಟ್ಟು ಬೆಳಗಿನ ತನಕ ಬಿಡಿ. ದೊಡ್ಡ ಹಕ್ಕಿ ಒಂದು ರಾತ್ರಿ ಊಟವಿಲ್ಲದೆ ಇರಬಲ್ಲದು. ಬೆಳಕಾದ ತಕ್ಷಣ ಹೊರಡಿ. ಆಟೊದಲ್ಲಿ ಹೋಗುವಾಗ ಡಬ್ಬ ತೊಡೆಯ ಮೇಲಿರಲಿ, ಹಾಡು ಹಾಕಿದ್ದರೆ ನಿಲ್ಲಿಸಲು ಹೇಳಿ. ಮತ್ತೆ ಡಬ್ಬದ ಮೇಲೆ ಪೆನ್ನಿನಲ್ಲಿ ಬರೆಯಿರಿ: ಎಲ್ಲಿ ಸಿಕ್ಕಿತು, ಯಾವ ರಸ್ತೆ, ಯಾವ ಮರದ ಕೆಳಗೆ, ಎಷ್ಟು ಹೊತ್ತಿಗೆ, ಬೆಕ್ಕು ಹಿಡಿದಿತ್ತಾ ಇಲ್ಲವಾ. ಚೇತರಿಸಿಕೊಂಡ ಹಕ್ಕಿಯನ್ನು ಆದಷ್ಟೂ ಸಿಕ್ಕಿದ ಜಾಗದಲ್ಲೇ ಬಿಡುತ್ತಾರೆ. ಅದರ ಜೋಡಿ, ಗೂಡು, ನೀರು ಕುಡಿಯುವ ಜಾಗ ಎಲ್ಲ ಅಲ್ಲೇ ಇರುವುದರಿಂದ ವಿಳಾಸ ಸರಿಯಾಗಿ ಬರೆದಿರಲಿ.